ಏಜೆಂಟರ ಪ್ಯಾಕೇಜ್ ಇಲ್ಲದೆ ಬೆಂಗಳೂರಲ್ಲಿ ಕಂಪನಿ ನೋಂದಣಿ: ನೀವೇ ಮಾಡಿಕೊಳ್ಳುವ ಬಗೆ

ಸಣ್ಣ ಕಂಪನಿಯೊಂದನ್ನು ನೋಂದಾಯಿಸಲು ಸರ್ಕಾರಕ್ಕೆ ನಿಜವಾಗಿ ಕಟ್ಟಬೇಕಾದ್ದು ಎಷ್ಟು ಎಂದು ಬಿಡಿಬಿಡಿಯಾಗಿ ಬರೆದು ನೋಡಿದವರು ಕಡಿಮೆ. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದರೆ ಎಷ್ಟು ಮೌಲ್ಯದ ಷೇರು ಕೊಡಬಹುದು ಎಂಬ ಮಿತಿ) 15 ಲಕ್ಷ ರೂಪಾಯಿ ದಾಟದಿದ್ದರೆ ಕೇಂದ್ರದ ನೋಂದಣಿ ಶುಲ್ಕ ಸೊನ್ನೆ. ಹೆಸರು ಕಾಯ್ದಿರಿಸಲು 1,000 ರೂಪಾಯಿ. ಆಮೇಲೆ ಕರ್ನಾಟಕದ ಮುದ್ರಾಂಕ ಶುಲ್ಕ, ಪ್ಯಾನ್ ಮತ್ತು ಟ್ಯಾನ್‌ಗೆ (ಮೂಲದಲ್ಲೇ ತೆರಿಗೆ ಮುರಿದು ಕಟ್ಟುವವರ ಸಂಖ್ಯೆ) ನೂರರ ಲೆಕ್ಕದಲ್ಲಿ ಒಂದಿಷ್ಟು, ಡಿಜಿಟಲ್ ಸಹಿಯ ಖರ್ಚು. ಪ್ಯಾಕೇಜ್ ಮಾರುವವರು ಇದರ ಮೇಲೆ ಹಾಕುವುದು ಫಾರಂ ತುಂಬುವ ಕೂಲಿ. ಆ ಕೂಲಿ ಉಳಿಸುವುದು ಹೇಗೆ ಅನ್ನುವುದೇ ಈ ಲೇಖನ.

ಮೊದಲೇ ಒಂದು ಮಾತು. ಪೂರ್ತಿ ನೂರಕ್ಕೆ ನೂರು ನೀವೊಬ್ಬರೇ ಮಾಡಿ ಮುಗಿಸಲು ಕಾನೂನು ಬಿಡುವುದಿಲ್ಲ. 2013ರ ಕಂಪನಿ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಅರ್ಜಿಯ ಜೊತೆ ವೃತ್ತಿನಿರತ ಸಿಎ, ಕಂಪನಿ ಸೆಕ್ರೆಟರಿ (ಸಿಎಸ್), ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರೊಬ್ಬರ ಘೋಷಣೆ ಇರಬೇಕು. ಅವರ ಡಿಜಿಟಲ್ ಸಹಿ ಬೀಳದೆ ಫಾರಂ ಮುಂದಕ್ಕೆ ಹೋಗುವುದಿಲ್ಲ. 'ಎಲ್ಲ ನೀವೇ ಮಾಡಬಹುದು, ಯಾರೂ ಬೇಡ' ಎನ್ನುವ ಯೂಟ್ಯೂಬ್ ವೀಡಿಯೊಗಳು ಈ ಜಾಗಕ್ಕೆ ಬಂದಾಗ ಮೆತ್ತಗೆ ಜಾರಿಕೊಳ್ಳುತ್ತವೆ. ಹಾಗಾಗಿ ನಮ್ಮ ಲೆಕ್ಕ ಇಷ್ಟು: ದಾಖಲೆ, ಹೆಸರು, ಉದ್ದೇಶ, ಫಾರಂ ಎಲ್ಲ ನಮ್ಮದು. ದುಡ್ಡು ಕೊಟ್ಟು ಪಡೆಯುವುದು ಆ ಒಂದು ಸಹಿ ಮತ್ತು ಅದರ ಹಿಂದಿನ ಪರಿಶೀಲನೆ ಮಾತ್ರ.

ಕಂಪನಿ ಬೇಕೇ ಬೇಕಾ?

ಬಸವನಗುಡಿಯ ಮನೆಯಿಂದ ಚಕ್ಕುಲಿ, ಕೋಡುಬಳೆ ಮಾಡಿ ಮಾರುವವರಿಗೆ, ಒಬ್ಬರೇ ಡಿಸೈನ್ ಕೆಲಸ ಮಾಡುವವರಿಗೆ ಬಹುತೇಕ ಬೇಡ. ಸ್ವಂತ ಪ್ಯಾನ್ ಮೇಲೆ ವ್ಯವಹಾರ, ಒಂದು ಕರೆಂಟ್ ಅಕೌಂಟ್, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರಿ ನೋಂದಣಿ) ಇದ್ದರೆ ಸಾಕಾಗುತ್ತದೆ. ಉದ್ಯಮ್ ಸಂಪೂರ್ಣ ಉಚಿತ, ಆಧಾರ್ ಒಟಿಪಿ ಸಾಕು. ಅದಕ್ಕೂ ಸಾವಿರಾರು ರೂಪಾಯಿ ಕೇಳುವ, ಸರ್ಕಾರಿ ಜಾಲತಾಣದ ಹಾಗೇ ವೇಷ ಹಾಕಿದ ತಾಣಗಳಿವೆ. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇದೆಯೇ ಎಂದು ನೋಡಿಕೊಳ್ಳಿ.

ಇಬ್ಬರು ಮೂವರು ದುಡ್ಡು ಹಾಕುತ್ತಿದ್ದರೆ, ಹೂಡಿಕೆದಾರರು ಬರುವ ಸೂಚನೆ ಇದ್ದರೆ, ದೊಡ್ಡ ಗಿರಾಕಿಗಳು ಕಂಪನಿಯ ಹೆಸರಲ್ಲೇ ಕರಾರು ಬೇಕು ಅನ್ನುತ್ತಿದ್ದರೆ ಪ್ರೈವೇಟ್ ಲಿಮಿಟೆಡ್ ಸರಿ. ಅದಕ್ಕೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಅದೇ ಇಬ್ಬರು ಎರಡೂ ಆಗಬಹುದು. ಒಬ್ಬರೇ ಇದ್ದರೆ ಒಪಿಸಿ, ಅಂದರೆ ಏಕವ್ಯಕ್ತಿ ಕಂಪನಿ. ಅದಕ್ಕೆ ಒಬ್ಬ ನಾಮಿನಿ ಕಡ್ಡಾಯ. ಇಬ್ಬರು ಸ್ನೇಹಿತರು ಸೇರಿ ಸೇವೆ ಕೊಡುವ ಸಣ್ಣ ವ್ಯವಹಾರವಾದರೆ ಎಲ್‌ಎಲ್‌ಪಿಯನ್ನೂ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಯನ್ನೂ, ಗಂಭೀರವಾಗಿ ಯೋಚಿಸಿ ಎಂಬುದು ನನ್ನ ಸಲಹೆ. ಕಂಪನಿಗೆ ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿ ವರ್ಷ ಆಡಿಟ್ ಆಗಲೇಬೇಕು. ಎಲ್‌ಎಲ್‌ಪಿಗೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದಾಗ ಮಾತ್ರ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್.

ಇನ್ನು 'ಲಿಮಿಟೆಡ್ ಅಂದಮೇಲೆ ಸಾಲ ನಮ್ಮ ತಲೆಗೆ ಬರಲ್ಲ' ಎಂಬ ನಂಬಿಕೆ. ಹೊಸ ಕಂಪನಿಗೆ ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಹಾಕಿದ ಮೇಲೆ ಆ ಸಾಲದ ಮಟ್ಟಿಗೆ ಲಿಮಿಟೆಡ್ ಅನ್ನುವುದು ಬೋರ್ಡಿನ ಮೇಲಷ್ಟೇ.

ಮೊದಲ ಹಂತ: ನಿಮ್ಮ ಹೆಸರು, ನಿಮ್ಮ ಇನಿಷಿಯಲ್

ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್ ತೆರೆಯುವುದಕ್ಕೆ ಮುಂಚೆ ಎಲ್ಲ ನಿರ್ದೇಶಕರ ಪ್ಯಾನ್ ಮತ್ತು ಆಧಾರ್ ಅಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಡೆಯವರ ಅರ್ಜಿಗಳು ಸಿಕ್ಕಿಬೀಳುವುದು ಇಲ್ಲೇ. ಆಧಾರ್‌ನಲ್ಲಿ 'ಮಂಜುನಾಥ ಕೆ ಆರ್' ಅಂತಿರುತ್ತದೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿಸಿ ಮಾರುದ್ದ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೂರನೆಯದೇ ಒಂದು ರೂಪ. ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಪ್ಯಾನ್‌ನಲ್ಲಿರುವುದೇ ಪ್ರಮಾಣ; ಫಾರಂನಲ್ಲಿ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಅಕ್ಷರಶಃ ಅದರ ಪ್ರಕಾರ ಇರಬೇಕು. ಮದುವೆಯಾದ ಹೆಣ್ಣುಮಕ್ಕಳೂ ಗಂಡನ ಹೆಸರಲ್ಲ, ತಂದೆಯ ಹೆಸರನ್ನೇ ಕೊಡಬೇಕು.

ವ್ಯತ್ಯಾಸ ಇದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಪ್ಯಾನ್‌ಗೆ ಹೊಂದುವಂತೆ ಮೊದಲು ತಿದ್ದಿಸಿ. ವಾರಗಟ್ಟಲೆ ಕಾಯಬೇಕಾದರೂ ಪರವಾಗಿಲ್ಲ. ಇಲ್ಲಿ ಬಿಟ್ಟ ಎಳೆ ಡಿಜಿಟಲ್ ಸಹಿಯಲ್ಲಿ, ನಿರ್ದೇಶಕರ ಗುರುತಿನ ಸಂಖ್ಯೆಯಲ್ಲಿ, ಬ್ಯಾಂಕ್ ಖಾತೆಯಲ್ಲಿ ಒಂದೊಂದು ಕಡೆಯೂ ಎದ್ದು ನಿಲ್ಲುತ್ತದೆ.

ಇವುಗಳ ಜೊತೆ ಪ್ರತಿಯೊಬ್ಬರಿಗೂ ಒಂದು ಗುರುತಿನ ದಾಖಲೆ (ಮತದಾರರ ಚೀಟಿ, ಪಾಸ್‌ಪೋರ್ಟ್ ಅಥವಾ ಡಿಎಲ್), ಎರಡು ತಿಂಗಳೊಳಗಿನ ವಿಳಾಸ ದಾಖಲೆ (ಬ್ಯಾಂಕ್ ಸ್ಟೇಟ್‌ಮೆಂಟ್, ಮೊಬೈಲ್ ಬಿಲ್ ಅಥವಾ ವಿದ್ಯುತ್ ಬಿಲ್), ಪ್ರತ್ಯೇಕ ಇಮೇಲ್, ಪ್ರತ್ಯೇಕ ಮೊಬೈಲ್ ಸಂಖ್ಯೆ. ಗಂಡ ಹೆಂಡತಿ ಇಬ್ಬರೂ ಒಂದೇ ನಂಬರ್ ಕೊಟ್ಟರೆ ನಡೆಯುವುದಿಲ್ಲ.

ಎರಡನೇ ಹಂತ: ಆಫೀಸಿನ ವಿಳಾಸ ಮತ್ತು ಓನರ್ ಮನವೊಲಿಕೆ

ನೋಂದಾಯಿತ ಕಚೇರಿ ಅಂದರೆ ಕೋರಮಂಗಲದ ಗಾಜಿನ ಕಟ್ಟಡ ಆಗಬೇಕಿಲ್ಲ. ನೀವಿರುವ ಮನೆಯೇ ಆಗಬಹುದು. ಕೇಳುವುದು ಮೂರು ಕಾಗದ: ಬಾಡಿಗೆ ಕರಾರು ಅಥವಾ ಮಾಲೀಕತ್ವದ ದಾಖಲೆ, ಮಾಲೀಕರ ಒಪ್ಪಿಗೆ ಪತ್ರ, ಎರಡು ತಿಂಗಳಿಗಿಂತ ಹಳೆಯದಲ್ಲದ ಯುಟಿಲಿಟಿ ಬಿಲ್. ಬೆಂಗಳೂರಲ್ಲಿ ಯುಟಿಲಿಟಿ ಬಿಲ್ ಅಂದರೆ ಬೆಸ್ಕಾಂ ಬಿಲ್.

ತಲೆನೋವು ಶುರುವಾಗುವುದೂ ಈ ಬಿಲ್ಲಿನಿಂದಲೇ. ಕರಾರು ಮಾಡಿಕೊಟ್ಟವರು ಮಗ, ಮೀಟರ್ ಇರುವುದು ತೀರಿಹೋದ ಅಜ್ಜನ ಹೆಸರಲ್ಲಿ. ಬಿಲ್ಲಿನಲ್ಲಿ ಮನೆ ನಂಬರ್ ಹಳೆಯದು, ಕರಾರಿನಲ್ಲಿ ಹೊಸದು. ಒಂದರಲ್ಲಿ 'ಮೂರನೇ ಕ್ರಾಸ್', ಇನ್ನೊಂದರಲ್ಲಿ ಬರೀ ಸೈಟ್ ನಂಬರ್. ಅರ್ಜಿ ಪರಿಶೀಲಿಸುವವರು ಕುಳಿತಿರುವುದು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರೀಯ ನೋಂದಣಿ ಕೇಂದ್ರದಲ್ಲಿ. ರಾಜಾಜಿನಗರದ ಬ್ಲಾಕು, ಮೇನು, ಕ್ರಾಸುಗಳ ಲೆಕ್ಕ ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರಿಗೆ ಕಾಣುವುದು ಎರಡು ಬೇರೆ ಬೇರೆ ವಿಳಾಸ, ಎರಡು ಬೇರೆ ಬೇರೆ ಹೆಸರು.

ಇದಕ್ಕೆ ಮದ್ದು ಹೀಗೆ. ಕರಾರು ಬರೆಸುವಾಗಲೇ ಬೆಸ್ಕಾಂ ಬಿಲ್ ಪಕ್ಕದಲ್ಲಿಟ್ಟುಕೊಂಡು ಬಿಲ್ಲಿನಲ್ಲಿರುವ ವಿಳಾಸವನ್ನೇ ಕರಾರಿಗೆ ಇಳಿಸಿ, ಪಿನ್‌ಕೋಡ್ ಸಮೇತ. ಮೀಟರ್ ಬೇರೆಯವರ ಹೆಸರಲ್ಲಿದ್ದರೆ ಇ-ಖಾತಾ ಅಥವಾ ಆಸ್ತಿ ತೆರಿಗೆ ರಸೀದಿಯ ಪ್ರತಿ ಸೇರಿಸಿ, ಒಪ್ಪಿಗೆ ಪತ್ರದಲ್ಲಿ 'ಈ ಆರ್‌ಆರ್ ನಂಬರಿನ ಸಂಪರ್ಕ ನಮ್ಮ ತಂದೆಯವರ ಹೆಸರಿನಲ್ಲಿದೆ, ಈಗ ಆಸ್ತಿಯ ಮಾಲೀಕ ನಾನು' ಎಂದು ಸ್ಪಷ್ಟವಾಗಿ ಬರೆಸಿ. ಸಮಯ ಇದ್ದರೆ ಬೆಸ್ಕಾಂ ಉಪವಿಭಾಗದಲ್ಲಿ ಹೆಸರು ಬದಲಾಯಿಸಿಕೊಳ್ಳಲು ಮಾಲೀಕರಿಗೇ ಹೇಳಿ, ಅವರಿಗೂ ಒಳ್ಳೆಯದು.

ಮಾಲೀಕರು ಹಿಂಜರಿಯುವುದಕ್ಕೆ ಕಾರಣ ಇದೆ. 'ಕಂಪನಿ' ಅಂದ ಕೂಡಲೇ ಕರೆಂಟ್ ದರ ಕಮರ್ಷಿಯಲ್ ಆಗುತ್ತೆ, ಆಸ್ತಿ ತೆರಿಗೆ ಏರುತ್ತೆ, ಆಮೇಲೆ ಖಾಲಿ ಮಾಡಿಸಲು ಆಗಲ್ಲ ಎಂಬ ಭಯ. ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳಬೇಡಿ. ಇಲ್ಲಿ ಕುಳಿತು ಲ್ಯಾಪ್‌ಟಾಪ್ ಕೆಲಸ ಅಷ್ಟೇ, ಮೆಷಿನ್ ಇಲ್ಲ, ಜನ ಬರುವುದಿಲ್ಲ, ಮನೆ ಬಿಡುವಾಗ ವಿಳಾಸ ಬದಲಾಯಿಸಿಕೊಂಡೇ ಹೋಗುತ್ತೇವೆ ಎಂದು ಪತ್ರದಲ್ಲೇ ಬರೆದುಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ. ನಿಮ್ಮ ಕೆಲಸ ಹಾಗಿಲ್ಲದಿದ್ದರೆ, ಗಿರಣಿಯೋ ಪ್ಯಾಕಿಂಗೋ ಇದ್ದರೆ, ಪೀಣ್ಯದ ಕಡೆ ಸಣ್ಣ ಶೆಡ್ ನೋಡುವುದೇ ಲೇಸು.

ಮೂರನೇ ಹಂತ: ಡಿಜಿಟಲ್ ಸಹಿ, ಪೋರ್ಟಲ್ ಖಾತೆ

ಎಲ್ಲ ಷೇರುದಾರರಿಗೂ ನಿರ್ದೇಶಕರಿಗೂ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಹಳೆಯ ಕ್ಲಾಸ್ 2 ಸಹಿ ಕೊಡುವುದು 2021ರಲ್ಲೇ ನಿಂತಿದೆ. ಪರವಾನಗಿ ಇರುವ ಸಂಸ್ಥೆಗಳ ತಾಣದಲ್ಲೇ ನೇರವಾಗಿ ಅರ್ಜಿ ಹಾಕಿ. ಆಧಾರ್ ಇ-ಕೆವೈಸಿ, ಒಂದು ಚಿಕ್ಕ ವೀಡಿಯೊ, ಅಷ್ಟೇ. ಯುಎಸ್‌ಬಿ ಟೋಕನ್ ಮನೆಗೆ ಬರುತ್ತದೆ. ಎರಡು ವರ್ಷದ ಅವಧಿಯದನ್ನು ತೆಗೆದುಕೊಳ್ಳಿ, ಮೊದಲ ವರ್ಷದ ಲೆಕ್ಕಪತ್ರ ಸಲ್ಲಿಸುವ ಹೊತ್ತಿಗೂ ಬೇಕಾಗುತ್ತದೆ. ಟೋಕನ್ ಮತ್ತು ಅದರ ಪಾಸ್‌ವರ್ಡ್ ಯಾರ ಕೈಗೂ ಕೊಟ್ಟು ಬರಬೇಡಿ. ಪ್ಯಾಕೇಜ್ ಕೊಂಡವರ ಟೋಕನ್ ಏಜೆಂಟರ ಡ್ರಾಯರ್‌ನಲ್ಲೇ ಉಳಿದುಬಿಡುವುದು ಮಾಮೂಲಿ. ಅದು ಖಾಲಿ ಚೆಕ್‌ಗೆ ಸಹಿ ಮಾಡಿ ಕೊಟ್ಟ ಹಾಗೆ.

ಎಂಸಿಎ ಪೋರ್ಟಲ್‌ನಲ್ಲಿ 'ಬಿಸಿನೆಸ್ ಯೂಸರ್' ಆಗಿ ಖಾತೆ ತೆರೆದು, ಡಿಜಿಟಲ್ ಸಹಿಗಳನ್ನು ಜೋಡಿಸಿ.

ನಾಲ್ಕನೇ ಹಂತ: ಕಂಪನಿಗೆ ಹೆಸರು

ಅರ್ಜಿಯ ಹೆಸರು ಸ್ಪೈಸ್ ಪ್ಲಸ್. ಅದರ ಎ ಭಾಗ ಹೆಸರಿಗೆ, ಬಿ ಭಾಗ ಉಳಿದದ್ದಕ್ಕೆ. ಎ ಭಾಗದಲ್ಲಿ ಎರಡು ಹೆಸರು ಕೊಡಬಹುದು. ಒಪ್ಪಿಗೆಯಾದ ಹೆಸರು ನಿಮಗಾಗಿ ಕಾದಿರುವುದು 20 ದಿನ. ಮೇಲೆ ಹೇಳಿದ ಕಾಗದಪತ್ರ, ಟೋಕನ್ ಎಲ್ಲ ಕೈಗೆ ಬಂದ ಮೇಲೆ ಹೆಸರು ಕೇಳಿ ಅನ್ನುವುದು ಅದಕ್ಕೇ. ಹೆಸರು ಸಿಕ್ಕ ಖುಷಿಯಲ್ಲಿ ಓನರ್ ಹಿಂದೆ ಓಡಾಡುತ್ತಾ 20 ದಿನ ಕಳೆದರೆ, ಅವಧಿ ವಿಸ್ತರಿಸಲು ಮತ್ತೆ ದುಡ್ಡು.

ಪೋರ್ಟಲ್‌ನಲ್ಲಿ ಇರುವ ಕಂಪನಿ ಹೆಸರುಗಳನ್ನೂ, ಟ್ರೇಡ್‌ಮಾರ್ಕ್ ತಾಣದಲ್ಲಿ ನಿಮ್ಮ ವರ್ಗದ ಗುರುತುಗಳನ್ನೂ ಹುಡುಕಿ. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿದ್ದು, ಬಹುವಚನ ಮಾಡಿದ್ದು, ನಡುವೆ ಜಾಗ ಬಿಟ್ಟಿದ್ದು ಹೊಸ ಹೆಸರಾಗುವುದಿಲ್ಲ. ಕನ್ನಡ ಪದ ಇಡುವವರು ಇದನ್ನು ಗಮನಿಸಬೇಕು: ನಮ್ಮ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆಯಬಹುದು, ನಾಲ್ಕನ್ನೂ ಹುಡುಕಿ ನೋಡಿ. 'ಲಕ್ಷ್ಮಿ', 'ಮಂಜುನಾಥ', 'ವೆಂಕಟೇಶ್ವರ' ಇಟ್ಟರೆ ಸಿಗುವ ಸಾಧ್ಯತೆ ಕಡಿಮೆ, ಆ ದೇವರುಗಳ ಹೆಸರಲ್ಲಿ ಆಗಲೇ ಜಾತ್ರೆ ನೆರೆದಿದೆ. ಅಪರೂಪದ ಒಂದು ಪದ, ಅದರ ಪಕ್ಕ ಕಸುಬು ಹೇಳುವ ಪದ, ಕೊನೆಗೆ ಪ್ರೈವೇಟ್ ಲಿಮಿಟೆಡ್: 'ಸಾರೊಗ್ಗರಣೆ ಫುಡ್ಸ್ ಪ್ರೈವೇಟ್ ಲಿಮಿಟೆಡ್' ಎಂಬ ಧಾಟಿಯಲ್ಲಿ. ಪದದ ಅರ್ಥ, ಯಾಕೆ ಆರಿಸಿದಿರಿ ಅನ್ನುವುದನ್ನು ವಿವರಣೆಯ ಜಾಗದಲ್ಲಿ ಎರಡು ಸಾಲು ಬರೆಯಿರಿ. ಬ್ಯಾಂಕ್, ಇನ್ಶೂರೆನ್ಸ್ ಮುಂತಾದ ಪದಗಳಿಗೆ ಆಯಾ ನಿಯಂತ್ರಕರ ಅನುಮತಿ ಬೇಕು, ಆ ಕಡೆ ಹೋಗಬೇಡಿ.

ಐದನೇ ಹಂತ: ಬಿ ಭಾಗ

ಸುಸ್ತು ಮಾಡುವ ಭಾಗ ಇದು, ಕಷ್ಟದ್ದಲ್ಲ. ಕಚೇರಿ ವಿಳಾಸ, ನಿರ್ದೇಶಕರ ವಿವರ, ಷೇರು ಹಂಚಿಕೆ. ಪ್ರತಿ ಪುಟಕ್ಕೂ ಸೇವ್ ಒತ್ತಿ. ಪೋರ್ಟಲ್ ಹೇಳದೆ ಕೇಳದೆ ಲಾಗೌಟ್ ಮಾಡುವುದುಂಟು.

ಬಂಡವಾಳದ ಬಗ್ಗೆ: ಕನಿಷ್ಠ ಇಷ್ಟಿರಬೇಕು ಎಂಬ ನಿಯಮ 2015ರಲ್ಲೇ ಹೋಯಿತು. 15 ಲಕ್ಷದವರೆಗೆ ಶುಲ್ಕ ಇಲ್ಲವಲ್ಲ ಎಂದು ಅಷ್ಟಕ್ಕೂ ಅರ್ಜಿ ಹಾಕುವವರಿದ್ದಾರೆ. ಆದರೆ ಕರ್ನಾಟಕದ ಮುದ್ರಾಂಕ ಶುಲ್ಕ ಬಂಡವಾಳ ಏರಿದಂತೆ ಏರುತ್ತದೆ. ಫಾರಂ ತಾನೇ ಲೆಕ್ಕ ಹಾಕಿ ತೋರಿಸುತ್ತದೆ, ನೋಡಿ ನಿರ್ಧರಿಸಿ. ಸಣ್ಣ ವ್ಯವಹಾರಕ್ಕೆ 10 ರೂಪಾಯಿಯ 10,000 ಷೇರು, ಅಂದರೆ ಒಂದು ಲಕ್ಷ, ಶುರುವಿಗೆ ಧಾರಾಳ.

ಮೆಮೊರಾಂಡಮ್ ಅಂದರೆ ಕಂಪನಿ ಏನು ಮಾಡುತ್ತದೆ ಎಂಬ ಘೋಷಣೆ. ಆರ್ಟಿಕಲ್ಸ್ ಅಂದರೆ ಒಳಗಿನ ನಿಯಮಾವಳಿ. ಆರ್ಟಿಕಲ್ಸ್‌ಗೆ ಕಾಯ್ದೆಯ ಮೊದಲ ಶೆಡ್ಯೂಲಿನ ಟೇಬಲ್ ಎಫ್ ಸಿದ್ಧ ಮಾದರಿ, ಪಾಲುದಾರರ ನಡುವೆ ವಿಶೇಷ ಒಪ್ಪಂದ ಇಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಮೆಮೊರಾಂಡಮ್‌ನ ಉದ್ದೇಶ ಭಾಗಕ್ಕೆ ಮಾತ್ರ ಒಂದು ಸಂಜೆ ಕುಳಿತುಕೊಳ್ಳಿ. ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಪುಟ ಹಾಕಿದರೆ ರಿಯಲ್ ಎಸ್ಟೇಟ್, ಆಮದು ರಫ್ತು, ಸಿನಿಮಾ ನಿರ್ಮಾಣ ಎಲ್ಲ ಸೇರಿಕೊಂಡಿರುತ್ತದೆ, ಆಮೇಲೆ ಬ್ಯಾಂಕಿನವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೊಳೆಯುವುದಿಲ್ಲ. ಈಗ ಮಾಡುವ ಕೆಲಸ, ಎರಡು ಮೂರು ವರ್ಷದಲ್ಲಿ ಅದಕ್ಕೆ ಹತ್ತಿಕೊಂಡು ಬರಬಹುದಾದ ಕೆಲಸ, ಇಷ್ಟನ್ನು ಸರಳವಾಗಿ ಬರೆಯಿರಿ. ಕಂಪನಿಯ ಹೆಸರಿನಲ್ಲಿ 'ಫುಡ್ಸ್' ಇದ್ದು ಉದ್ದೇಶದಲ್ಲಿ ಸಾಫ್ಟ್‌ವೇರ್ ಇದ್ದರೆ ಅರ್ಜಿ ವಾಪಸ್ ಬರುತ್ತದೆ.

ಇದರ ಜೊತೆಗೇ ಅಜೈಲ್ ಪ್ರೊ ಎಸ್ ಎಂಬ ಇನ್ನೊಂದು ಫಾರಂ. ಪಿಎಫ್, ಇಎಸ್‌ಐ, ಕರ್ನಾಟಕದ ವೃತ್ತಿ ತೆರಿಗೆ, ಬ್ಯಾಂಕ್ ಖಾತೆ ಎಲ್ಲ ಇದರಲ್ಲೇ. ಪಿಎಫ್, ಇಎಸ್‌ಐ ಸಂಖ್ಯೆ ತಾನಾಗಿ ಬರುತ್ತದೆ ಎಂದು ಗಾಬರಿ ಬೇಡ. ಪಿಎಫ್ ಸಾಮಾನ್ಯವಾಗಿ 20 ಜನ, ಇಎಸ್‌ಐ 10 ಜನ ನೌಕರರಾದ ಮೇಲೆ ಅನ್ವಯಿಸುತ್ತದೆ. ಜಿಎಸ್‌ಟಿ ಇಲ್ಲಿ ಐಚ್ಛಿಕ. ಸೇವೆಗೆ ವರ್ಷಕ್ಕೆ 20 ಲಕ್ಷ, ಸರಕಿಗೆ 40 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಬೇಕಿಲ್ಲ. ಹೊರರಾಜ್ಯಕ್ಕೆ ಸರಕು ಕಳಿಸುವವರಿಗೆ ಈ ಮಿತಿ ಲೆಕ್ಕಕ್ಕಿಲ್ಲ, ಮೊದಲ ದಿನದಿಂದಲೇ ಬೇಕು. ಒಮ್ಮೆ ತೆಗೆದುಕೊಂಡರೆ ವ್ಯಾಪಾರ ಇಲ್ಲದ ತಿಂಗಳೂ ರಿಟರ್ನ್ ಹಾಕಬೇಕು. ಗಿರಾಕಿ ಕೇಳಿದಾಗ ಮಾಡಿಸಿಕೊಂಡರಾಯಿತು, ಈಗಲೇ ಟಿಕ್ ಒತ್ತಬೇಡಿ.

ಆ ಒಂದು ಸಹಿ

ಫಾರಂ ಪೂರ್ತಿ ತುಂಬಿ, ದಾಖಲೆಗಳನ್ನು ಒಂದು ಫೋಲ್ಡರ್‌ನಲ್ಲಿ ಜೋಡಿಸಿ, ಆಮೇಲೆ ಸಿಎ ಅಥವಾ ಸಿಎಸ್ ಹತ್ತಿರ ಹೋಗಿ. 'ಎಲ್ಲ ನಾವೇ ತುಂಬಿದ್ದೇವೆ. ಪರಿಶೀಲಿಸಿ ಸರ್ಟಿಫೈ ಮಾಡಲು, ಸಾಕ್ಷಿಯಾಗಿ ಸಹಿ ಹಾಕಲು ಎಷ್ಟು ಸರ್?' ಎಂದು ನೇರವಾಗಿ ಕೇಳಿ. ಕೆಲವರು ಆಗಲ್ಲ ಅನ್ನುತ್ತಾರೆ. ಆ ಕಚೇರಿಗೆ ತಾನು ಖುದ್ದು ಭೇಟಿ ಕೊಟ್ಟಿದ್ದೇನೆ ಎಂದು ಘೋಷಿಸುವುದು ಅವರ ಹೊಣೆ. ಸುಳ್ಳಾದರೆ ಅವರ ಪರವಾನಗಿಗೆ ಕುತ್ತು. ಅದಕ್ಕೇ ದೆಹಲಿಯಲ್ಲೋ ಪುಣೆಯಲ್ಲೋ ಕುಳಿತವರಿಗಿಂತ ನಿಮ್ಮ ಬಡಾವಣೆಯ ಸುತ್ತಮುತ್ತಲಿನವರನ್ನು ಹುಡುಕಿ, ಮನೆಗೆ ಕರೆದು ಒಂದು ಕಾಫಿ ಕೊಡಿ. ಮುಂದೆ ಆಡಿಟರ್ ಬೇಕೇ ಬೇಕು. ಇವರು ಸಿಎ ಆಗಿದ್ದು, ಮಾತಿನಲ್ಲಿ ಹಿಡಿಸಿದರೆ ಅವರನ್ನೇ ಮುಂದುವರಿಸುವ ಯೋಚನೆ ಮಾಡಬಹುದು.

ಅರ್ಜಿಗಳ ಪಿಡಿಎಫ್ ಇಳಿಸಿಕೊಂಡು, ಎಲ್ಲರೂ ಟೋಕನ್ ಹಾಕಿ ಸಹಿ ಮಾಡಿ, ಮತ್ತೆ ಏರಿಸಿ, ದುಡ್ಡು ಕಟ್ಟಿದರೆ ಒಂದು ಎಸ್‌ಆರ್‌ಎನ್ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಬರುತ್ತದೆ. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ಈ ಹಂತದಲ್ಲಿ ಹೋಗುವ ಅಗತ್ಯ ಇಲ್ಲ.

ಅರ್ಜಿ 'ರೀಸಬ್ಮಿಷನ್' ಎಂದು ವಾಪಸ್ ಬಂದರೆ ಎದೆಗುಂದಬೇಡಿ. 15 ದಿನದ ಸಮಯ ಇರುತ್ತದೆ. ಬರೆದಿರುವ ಆಕ್ಷೇಪಣೆ ಎಷ್ಟೋ ಅಷ್ಟನ್ನೇ ಸರಿ ಮಾಡಿ. ಜೊತೆಗೆ ಬೇರೆ ಏನನ್ನೋ ಬದಲಾಯಿಸಿದರೆ ಹೊಸ ಆಕ್ಷೇಪಣೆ ಹುಟ್ಟುತ್ತದೆ. ಎಲ್ಲ ಸರಿಯಾದರೆ ಇಮೇಲ್‌ಗೆ ನೋಂದಣಿ ಪ್ರಮಾಣಪತ್ರ ಬರುತ್ತದೆ, ಪ್ಯಾನ್ ಟ್ಯಾನ್ ಸಮೇತ. 21 ಅಕ್ಷರ-ಅಂಕಿಗಳ ಸಿಐಎನ್ ನಡುವೆ 'ಕೆಎ' ಮತ್ತು ವರ್ಷ ಕಾಣುತ್ತದೆ, ಅದು ನಿಮ್ಮ ಕಂಪನಿಯ ಗುರುತು.

ಪ್ರಮಾಣಪತ್ರ ಬಂದ ಮೇಲೆ

ಬಂದ ದಿನದಿಂದಲೇ ಫೋನ್ ಶುರು. ಟ್ರೇಡ್‌ಮಾರ್ಕ್ ಮಾಡಿಸಿ, ಐಎಸ್‌ಒ ಮಾಡಿಸಿ, ಕಡ್ಡಾಯ ಇದೆ, ನಾಳೆ ಕೊನೆ ದಿನ ಎಂದೆಲ್ಲ. ಕಂಪನಿಯ ಮಾಹಿತಿ ಸಾರ್ವಜನಿಕವಾದ್ದರಿಂದ ಇದು ತಪ್ಪಿದ್ದಲ್ಲ. ಫೋನ್ ಇಟ್ಟು ನಿಜವಾಗಿ ಕಡ್ಡಾಯ ಇರುವುದನ್ನು ನೋಡಿಕೊಳ್ಳಿ.

ಮೊದಲ 30 ದಿನದೊಳಗೆ ನಿರ್ದೇಶಕರ ಮೊದಲ ಸಭೆ, ಅದರಲ್ಲೇ ಆಡಿಟರ್ ನೇಮಕ. ಎರಡು ತಿಂಗಳೊಳಗೆ ಷೇರು ಪತ್ರ. ಪ್ರತಿಯೊಬ್ಬ ಷೇರುದಾರ ತನ್ನ ಪಾಲಿನ ಹಣವನ್ನು ತನ್ನದೇ ಖಾತೆಯಿಂದ ಕಂಪನಿ ಖಾತೆಗೆ ಹಾಕಬೇಕು. ಒಬ್ಬರೇ ಇಬ್ಬರದ್ದೂ ಹಾಕಿದರೆ ಆಮೇಲೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. ಆ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ 180 ದಿನದೊಳಗೆ ಐಎನ್‌ಸಿ-20ಎ ಸಲ್ಲಿಸಿ. ವ್ಯವಹಾರ ಶುರು ಮಾಡುತ್ತಿದ್ದೇವೆ ಎಂಬ ಘೋಷಣೆ ಅದು. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ, ನಿರ್ದೇಶಕರಿಗೆ ದಿನಕ್ಕೆ 1,000. ಹೊಸಬರು ಹೆಚ್ಚಾಗಿ ಮರೆಯುವ ಫಾರಂ ಇದೇ, ಕ್ಯಾಲೆಂಡರ್‌ನಲ್ಲಿ ಇಂದೇ ಗುರುತು ಹಾಕಿ.

ಬಾಗಿಲಿಗೆ ಬೋರ್ಡ್ ಬೇಕು. ಸ್ಥಳೀಯ ಭಾಷೆಯ ಲಿಪಿಯಲ್ಲೂ ಹೆಸರಿರಬೇಕು ಎಂದು ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. 2024ರಲ್ಲಿ ತಿದ್ದುಪಡಿಯಾದ ರಾಜ್ಯದ ಕಾನೂನಿನಂತೆ ವಾಣಿಜ್ಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಕಂಪನಿಯ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ, ಏಪ್ರಿಲ್ 30ರೊಳಗೆ.

ಮುಂದೆ ಪ್ರತಿ ವರ್ಷ ಆಡಿಟ್, ವಾರ್ಷಿಕ ಸಭೆ, ಅದಾದ 30 ದಿನದೊಳಗೆ ಲೆಕ್ಕಪತ್ರದ ಎಒಸಿ-4, 60 ದಿನದೊಳಗೆ ವಾರ್ಷಿಕ ರಿಟರ್ನ್ ಎಂಜಿಟಿ-7ಎ, ಆದಾಯ ತೆರಿಗೆ ರಿಟರ್ನ್. ಮೊದಲ ಎರಡು ಫಾರಂ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ, ಮೇಲಿನ ಮಿತಿ ಇಲ್ಲ. ನೋಂದಣಿಯಲ್ಲಿ ಉಳಿಸಿದ ದುಡ್ಡನ್ನು ಆಡಿಟರ್ ಶುಲ್ಕಕ್ಕೆ ಎತ್ತಿಡಿ ಅನ್ನುವುದು ಇದಕ್ಕೇ.

ವ್ಯಾಪಾರ ಕೈಹತ್ತದಿದ್ದರೆ ಹಾಗೇ ಬಿಟ್ಟು ಊರಿಗೆ ಹೋಗಬೇಡಿ. ಸತತ ಮೂರು ವರ್ಷ ವಾರ್ಷಿಕ ರಿಟರ್ನ್ ಹಾಕದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಸಾಲ, ಬಾಕಿ ಎಲ್ಲ ತೀರಿಸಿ, ಉಳಿದ ರಿಟರ್ನ್‌ಗಳನ್ನು ಸಲ್ಲಿಸಿ, ಎಸ್‌ಟಿಕೆ-2 ಫಾರಂನಲ್ಲಿ ಕಂಪನಿಯ ಹೆಸರು ತೆಗೆಸಬಹುದು. ಅದಕ್ಕೆ ಶುಲ್ಕ 10,000 ರೂಪಾಯಿ, ನೋಂದಣಿಗೆ ಕಟ್ಟಿದ್ದಕ್ಕಿಂತ ಜಾಸ್ತಿಯೇ ಆದೀತು.